ಪದಚರ್ಚೆ: ‘ಋಣಾತ್ಮಕ ಬಲವರ್ಧನೆ’ ಶಿಕ್ಷೆಯಲ್ಲ, ಹಾಗಾದರೆ ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಮನಶ್ಶಾಸ್ತ್ರಕ್ಕೆ ಹೊಸಬರಾದವರಿಗೆ ಒಂದು ಸರಳ ಪರಿಚಯ ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳದ್ದೇ ಕಾಟ ಜಾಸ್ತಿ. ಅದರಲ್ಲೂ ಒಂದು ಜಾತಿಯ ಪದಗಳಿವೆ. ಶಾಸ್ತ್ರದೊಳಗೆ ಅವುಗಳಿಗೆ ಒಳ್ಳೆಯದು ಕೆಟ್ಟದ್ದು ಎಂಬ ಬಣ್ಣವೇ ಇರುವುದಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಹೊಗಳಿಕೆಯೋ ಬೈಗುಳವೋ ಆಗಿಬಿಡುತ್ತವೆ. ಮುಖ್ಯವಾಗಿ ಕೇಳಬೇಕಿರುವುದು ‘ಋಣಾತ್ಮಕ ಬಲವರ್ಧನೆ’ಯ (ಇಂಗ್ಲಿಷಿನ ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್) ಬಗ್ಗೆ. ಕೆಲವು ಪಠ್ಯಗಳಲ್ಲಿ ‘ಋಣಾತ್ಮಕ ಪುನರ್ಬಲನ’ ಎಂದಿರುತ್ತದೆ. ಓದಿದವರಲ್ಲಿ ಬಹಳ ಮಂದಿ ಇದನ್ನು ‘ಶಿಕ್ಷೆ’ ಎಂದೇ ತಿಳಿಯುತ್ತಾರೆ. ನಿಜವಾಗಿ ಇದು ಶಿಕ್ಷೆಗೆ ಪೂರ್ತಿ ಉಲ್ಟಾ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗದ ಪೆಟ್ಟಿಗೆಯನ್ನೇ ನೋಡಿ. ಒಳಗೊಂದು ಇಲಿ. ಗೋಡೆಯಲ್ಲಿ ಒತ್ತಲು ಒಂದು ಲಿವರ್. ನೆಲಕ್ಕೆ ಲೋಹದ ಸರಳುಗಳು, ಅವುಗಳಲ್ಲಿ ಸಣ್ಣಗೆ ಕರೆಂಟ್. ಇಲಿ ಹಾರುತ್ತದೆ, ಮೂಲೆಗೆ ಓಡುತ್ತದೆ, ಗೋಡೆ ಕೆರೆಯುತ್ತದೆ. ಹೀಗೇ ಒದ್ದಾಡುವಾಗ ಕಾಲು ಲಿವರ್ ಮೇಲೆ ಬೀಳುತ್ತದೆ. ಕರೆಂಟ್ ನಿಲ್ಲುತ್ತದೆ. ಇದೇ ಆಟ ಮತ್ತೆ ಮತ್ತೆ ನಡೆದರೆ, ಆಮೇಲಾಮೇಲೆ ಕರೆಂಟ್ ತಾಗಿದ ತಕ್ಷಣ ಇಲಿ ನೇರವಾಗಿ ಲಿವರ್ ಹತ್ತಿರ ಹೋಗುತ್ತದೆ. ಲಿವರ್ ಒತ್ತುವುದು ಜಾಸ್ತಿಯಾಯಿತು, ಆದ್ದರಿಂದ ಅದು ಬಲವರ್ಧನೆ. ಏನನ್ನೋ ತೆಗೆದಿದ್ದರಿಂದ ಜಾಸ್ತಿಯಾಯಿತು, ಆದ್ದರಿಂದ ಋಣ. ಅಷ್ಟೇ ಲೆಕ್ಕ.

ಈಗ ಪೆಟ್ಟಿಗೆಯಲ್ಲಿ ಕರೆಂಟ್ ಇಲ್ಲದಿರಲಿ, ಲಿವರ್ ಒತ್ತಿದಾಗ ಮಾತ್ರ ಹೊಡೆಯಲಿ. ಇಲಿ ಲಿವರ್ ಮುಟ್ಟುವುದನ್ನೇ ಬಿಡುತ್ತದೆ. ಇದು ಶಿಕ್ಷೆ. ಇಲ್ಲಿ ಏನೋ ಒಂದು ಕೂಡಿಕೊಂಡಿದೆಯಲ್ಲ, ಹಾಗಾಗಿ ಪುಸ್ತಕದ ಭಾಷೆಯಲ್ಲಿ ಇದು ‘ಧನಾತ್ಮಕ ಶಿಕ್ಷೆ’! ಪರಿಭಾಷೆಯ ಪ್ರಕಾರ ಸರಿಯೇ. ಆದರೆ ಓದುವವರ ಮುಖದಲ್ಲಿ ಏನು ಮೂಡುತ್ತದೆ ಅನ್ನುವುದನ್ನು ಊಹಿಸಿಕೊಳ್ಳಿ.

ತಮಾಷೆಯೆಂದರೆ ಋಣ, ಧನ ಎರಡೂ ಲೆಕ್ಕದಲ್ಲಿ ಹಳೆಯ, ಗೌರವದ ಪದಗಳು. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಗಿಂತ ಕಡಿಮೆಯ ಸಂಖ್ಯೆಗೆ ಋಣ, ಹೆಚ್ಚಿನದಕ್ಕೆ ಧನ ಎಂದೇ ಹೇಳಿ ಕೂಡುವ ಕಳೆಯುವ ನಿಯಮ ಬರೆದ. ಸ್ಕಿನ್ನರ್‌ಗೆ ಬೇಕಿದ್ದದ್ದೂ ಈ ಕೂಡುವ ಕಳೆಯುವ ಅರ್ಥವೇ. ಆದರೆ ‘-ಆತ್ಮಕ’ ಸೇರಿ ‘ಋಣಾತ್ಮಕ ಧೋರಣೆ’, ‘ಧನಾತ್ಮಕ ಚಿಂತನೆ’ ಎಂದೆಲ್ಲ ಪತ್ರಿಕೆಗಳಲ್ಲಿ ಓಡಾಡಿ ಓಡಾಡಿ, ಈಗ ಋಣಾತ್ಮಕ ಅಂದರೆ ಕೆಟ್ಟದ್ದು, ಧನಾತ್ಮಕ ಅಂದರೆ ಒಳ್ಳೆಯದು. ‘ನಕಾರಾತ್ಮಕ’ ಹಾಕಿದರೆ ಇನ್ನೂ ಕಷ್ಟ.

ನನಗೆ ಹೊಳೆದದ್ದು ಇದು: ‘ಕೂಡಿಸಿ ಬಲಪಡಿಸುವುದು’, ‘ಕಳೆದು ಬಲಪಡಿಸುವುದು’. ಶಿಕ್ಷೆಗೆ ‘ಕೂಡಿಸಿ ತಗ್ಗಿಸುವುದು’, ‘ಕಳೆದು ತಗ್ಗಿಸುವುದು’. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುವವರೆಗೂ ಬೀಪ್ ಬೀಪ್ ಎನ್ನುತ್ತದೆ, ಹಾಕಿದರೆ ನಿಲ್ಲುತ್ತದೆ. ಸದ್ದು ಕಳೆದು ಬೆಲ್ಟ್ ಹಾಕುವ ಅಭ್ಯಾಸವನ್ನು ಬಲಪಡಿಸಿದ್ದು. ಮಗು ಕಚ್ಚಿದಾಗ ಆಟಿಕೆ ಎತ್ತಿಟ್ಟರೆ, ಕಚ್ಚುವುದು ಕಡಿಮೆಯಾದರೆ, ಅದು ಕಳೆದು ತಗ್ಗಿಸಿದ್ದು. ನಾಲ್ಕೂ ಪದಗಳು ತಮ್ಮಷ್ಟಕ್ಕೆ ತಾವೇ ಅರ್ಥವಾಗುತ್ತವೆ.

‘ಶಿಕ್ಷೆ’ಯನ್ನು ಬಿಟ್ಟು ‘ತಗ್ಗಿಸುವುದು’ ಎನ್ನಲು ಇನ್ನೊಂದು ಕಾರಣವೂ ಇದೆ. ನಮ್ಮ ಮಾತಿನಲ್ಲಿ ಶಿಕ್ಷೆ ಎಂದರೆ ತಪ್ಪು ಮಾಡಿದವರಿಗೆ ಕೊಡುವಂಥದ್ದು. ವರ್ತನಾವಾದದಲ್ಲಿ, ಅಂದರೆ ಹೊರಗೆ ಕಾಣುವ ವರ್ತನೆಯನ್ನೇ ಅಳೆಯುವ ಸ್ಕಿನ್ನರ್ ಅವರ ಪಂಥದಲ್ಲಿ, ತಪ್ಪಿನ ಪ್ರಶ್ನೆಯೇ ಇಲ್ಲ, ಕೊಡುವವರ ಉದ್ದೇಶವೂ ಲೆಕ್ಕಕ್ಕಿಲ್ಲ. ಆಮೇಲೆ ಆ ವರ್ತನೆ ಹೆಚ್ಚಿತೋ ತಗ್ಗಿತೋ ಎನ್ನುವುದೊಂದೇ ಅಳತೆಗೋಲು. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನನ್ನು ಮೇಷ್ಟ್ರು ಎಲ್ಲರೆದುರು ಬೈದರು. ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಮರುದಿನ ಗಲಾಟೆ ಇನ್ನೂ ಜಾಸ್ತಿ. ಮೇಷ್ಟ್ರ ಪ್ರಕಾರ ಅದು ಶಿಕ್ಷೆ. ಸ್ಕಿನ್ನರ್ ಪ್ರಕಾರ ಅದು ಬಲವರ್ಧನೆ, ಅದೂ ಕೂಡಿಸಿ ಬಲಪಡಿಸಿದ್ದು. ಎಲ್ಲರ ಗಮನ ಅವನಿಗೆ ಸಿಕ್ಕಿತಲ್ಲ!

ಒಂದು ಎಚ್ಚರಿಕೆ. ‘ಧನಾತ್ಮಕ’ ಬಂದಲ್ಲೆಲ್ಲ ‘ಕೂಡಿಸಿ’ ಹಾಕುತ್ತಾ ಹೋಗುವಂತಿಲ್ಲ. ಮಾನವತಾವಾದಿ ಪಂಥದ ಕಾರ್ಲ್ ರೋಜರ್ಸ್ ಅವರ ಒಂದು ಪರಿಕಲ್ಪನೆ ‘ಷರತ್ತಿಲ್ಲದ ಧನಾತ್ಮಕ ಗೌರವ’ ಎಂದು ಕನ್ನಡದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ನಿಜವಾಗಿಯೂ ಒಳ್ಳೆಯ ಭಾವನೆಯ ಅರ್ಥವೇ ಇದೆ. ಎದುರಿಗೆ ಕೂತವರು ಏನೇ ಹೇಳಲಿ, ಅವರನ್ನು ಮನುಷ್ಯರಾಗಿ ಒಪ್ಪಿಕೊಂಡು ಕೇಳುವುದು. ಅದಕ್ಕೆ ‘ಷರತ್ತಿಲ್ಲದ ಆದರ’ ಸಾಕು, ‘ಧನಾತ್ಮಕ’ ಸುಮ್ನೆ ಭಾರ. ಇನ್ನು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ‘ಧನಾತ್ಮಕ ಲಕ್ಷಣಗಳು’ ಅಂತೂ ಅಪಾಯಕಾರಿ ಅನುವಾದ. ಇಲ್ಲದ ದನಿ ಕೇಳಿಸುವುದು, ಯಾರೋ ಬೆನ್ನಟ್ಟಿದ್ದಾರೆಂಬ ಭ್ರಮೆ, ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಮಾತು ಕಡಿಮೆಯಾಗುವುದು, ಉತ್ಸಾಹ ಬತ್ತುವುದು ‘ಋಣಾತ್ಮಕ’ದ ಕಡೆ. ರೋಗಿಯ ಮನೆಯವರು ವರದಿಯಲ್ಲಿ ‘ಧನಾತ್ಮಕ ಲಕ್ಷಣಗಳು ಕಾಣುತ್ತಿವೆ’ ಎಂದು ಓದಿದರೆ ಗುಣವಾಗುತ್ತಿದೆ ಎಂದುಕೊಳ್ಳುತ್ತಾರೆ, ಅಲ್ವಾ? ‘ಹೊಸದಾಗಿ ಸೇರಿದ ಲಕ್ಷಣ’, ‘ಕುಂದಿದ ಲಕ್ಷಣ’ ಎಂದರೆ ಈ ಗೊಂದಲವಿರುವುದಿಲ್ಲ.

ಇದೇ ಕಾಯಿಲೆ ಹಿಡಿದ ಇನ್ನೊಂದು ಪದ ‘ಅಹಂ’. ಫ್ರಾಯ್ಡ್ 1923ರಲ್ಲಿ ಮನಸ್ಸಿನ ಮೂರು ಭಾಗಗಳ ಚಿತ್ರ ಕೊಟ್ಟಾಗ ಜರ್ಮನಿನ ಮನೆಮಾತಿನ ಪದಗಳನ್ನೇ ಬಳಸಿದ್ದರು: ‘ಅದು’, ‘ನಾನು’, ‘ಮೇಲಿನ ನಾನು’. ಇಂಗ್ಲಿಷಿಗೆ ತಂದವರು ಅವುಗಳಿಗೆ ಲ್ಯಾಟಿನ್ ತೊಡಿಸಿ ‘ಇಡ್’, ‘ಈಗೋ’, ‘ಸೂಪರ್ ಈಗೋ’ ಎಂದರು. 1980ರ ದಶಕದಲ್ಲಿ ಮನಶ್ಶಾಸ್ತ್ರದ ಲೇಖಕ ಬ್ರೂನೊ ಬೆಟಲ್‌ಹೈಮ್ ಈ ಬಗ್ಗೆ ದೊಡ್ಡ ತಕರಾರನ್ನೇ ಎತ್ತಿದರು. ನಾವು ಇಂಗ್ಲಿಷಿನಿಂದ ಸಂಸ್ಕೃತಕ್ಕೆ ಹಾರಿದೆವು. ಸಂಸ್ಕೃತದಲ್ಲಿ ‘ಅಹಂ’ ಎಂದರೆ ‘ನಾನು’ ಅಷ್ಟೇ, ಸರಿ. ಆದರೆ ಕನ್ನಡದಲ್ಲಿ ‘ಅವನಿಗೆ ಅಹಂ ಜಾಸ್ತಿ’ ಎಂದರೆ ಸೊಕ್ಕು. ‘ಈಗೋ’ ಎಂದು ಹಾಗೇ ಉಳಿಸಿಕೊಂಡರೂ ಅದೇ ಗತಿ. ಫ್ರಾಯ್ಡ್ ಲೆಕ್ಕದಲ್ಲಿ ಆ ‘ನಾನು’ ಸೊಕ್ಕಿನದಲ್ಲ. ಒಳಗಿನ ಬಯಕೆ, ಮನಸ್ಸಾಕ್ಷಿಯ ಗದರಿಕೆ, ಹೊರಗಿನ ವಾಸ್ತವ ಮೂರನ್ನೂ ಸಂಭಾಳಿಸಿಕೊಂಡು ಹೋಗುವ ಪಾಡು ಅದರದ್ದು. ‘ಚಿಕಿತ್ಸೆಯಿಂದ ಅಹಂ ಗಟ್ಟಿಯಾಗಬೇಕು’ ಎಂಬ ವಾಕ್ಯವನ್ನು ನಮ್ಮವರು ಓದಿದರೆ, ಇರುವುದೇ ಸಾಲದೇ ಎನ್ನುತ್ತಾರೆ! ಉದ್ಧರಣ ಚಿಹ್ನೆ ಹಾಕಿ ‘ನಾನು’ ಎಂದೇ ಬರೆದರೆ ವ್ಯಾಕರಣ ಸ್ವಲ್ಪ ಎಡವುತ್ತದೆ. ‘ನಾನುವಿನ ಕೆಲಸ’ ಎನ್ನಬೇಕೇ, ‘ನಾನಿನ ಕೆಲಸ’ವೇ? ‘ನಾನುತನ’ ಬೇಡ, ಅದೂ ಸೊಕ್ಕಿನ ಕಡೆಗೇ ವಾಲುತ್ತದೆ.

‘ವರ್ತನೆ’ಯ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. 1913ರಲ್ಲಿ ಜಾನ್ ವಾಟ್ಸನ್, ಮನಸ್ಸಿನೊಳಗೆ ಇಣುಕುವುದನ್ನು ಬಿಡಿ, ಹೊರಗೆ ಕಾಣುವ ವರ್ತನೆಯನ್ನು ಅಳೆಯಿರಿ ಎಂಬ ವಾದ ಹೂಡಿದರು. ಅವರ ಪಟ್ಟಿಯಲ್ಲಿ ನಾಯಿ ಜೊಲ್ಲು ಸುರಿಸುವುದೂ ವರ್ತನೆಯೇ. ‘ಅವನ ವರ್ತನೆ ಸರಿಯಿಲ್ಲ’ ಎಂಬ ಬಳಕೆ ಇದ್ದರೂ ಪದಕ್ಕೆ ಈ ಅಗಲ ಒಗ್ಗಿದೆ. ‘ನಡತೆ’ ಮಾತ್ರ ಬೇಡವೇ ಬೇಡ. ಪಾರಿವಾಳಕ್ಕೆ ನಡತೆ ಇರುವುದಿಲ್ಲ.

ಇನ್ನೊಂದು ಚಿಕ್ಕದು, ಒಳ್ಳೆಯದು ಕೆಟ್ಟದ್ದರ ಜಗಳವಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್, ತನ್ನ ಅನುಭವವನ್ನು ತಾನೇ ಗಮನಿಸಿ ಹೇಳುವ ವಿಧಾನವನ್ನು ಪ್ರಯೋಗದ ಚೌಕಟ್ಟಿಗೆ ತಂದರು. ಅದಕ್ಕೂ ‘ಒಳನೋಟ’ ಎನ್ನುವವರಿದ್ದಾರೆ. ಕೋಲಿಗೆ ಕೋಲು ಸೇರಿಸಿ ಹಣ್ಣು ಎಳೆದುಕೊಂಡ, ಮನಶ್ಶಾಸ್ತ್ರಜ್ಞ ಕೋಲರ್ ಅವರ ಪ್ರಯೋಗದ ಚಿಂಪಾಂಜಿಗೆ ಥಟ್ಟನೆ ಹೊಳೆದದ್ದಕ್ಕೂ ‘ಒಳನೋಟ’ ಎನ್ನುತ್ತಾರೆ. ಒಂದೇ ಅಧ್ಯಾಯದಲ್ಲಿ ಎರಡೂ ಬಂದರೆ ಓದುವವರ ಪಾಡು ಕೇಳಬೇಡಿ. ಮೊದಲನೆಯದಕ್ಕೆ ‘ಅಂತರವಲೋಕನ’ ಇಟ್ಟು, ‘ಒಳನೋಟ’ವನ್ನು ಚಿಂಪಾಂಜಿಗೆ ಬಿಟ್ಟುಕೊಟ್ಟಿದ್ದೇನೆ.

ಈಗ ನನ್ನ ಪ್ರಶ್ನೆಗಳು. ‘ಕಳೆದು ಬಲಪಡಿಸುವುದು’ ವಾಕ್ಯದೊಳಗೆ ಚೆನ್ನಾಗಿ ಕೂರುತ್ತದೆ, ಶೀರ್ಷಿಕೆಗೆ ಉದ್ದವಾಗುತ್ತದೆ. ‘ಕಳೆಯುವ ಬಲವರ್ಧನೆ’ ಎಂದು ಮೊಟಕು ಮಾಡಿದರೆ, ಬಲವೇ ಕಳೆದುಹೋಗುತ್ತದೆ ಎಂಬ ಅರ್ಥ ಬರುತ್ತದೆಯೇ? ‘ಕಳೆಬಲ’, ‘ಕೂಡುಬಲ’ ಎಂದು ಕಟ್ಟಿದರೆ ಕೃತಕ ಅನಿಸುತ್ತದೆಯೇ, ಅಥವಾ ಬಳಸುತ್ತಾ ಹೋದರೆ ಒಗ್ಗುತ್ತದೆಯೇ? ಪರೀಕ್ಷೆಗೆ ಓದುವವರಿಗೆ ಹಳೆಯ ಪದವೂ ಬೇಕು, ಅದನ್ನು ಮೊದಲ ಸಲ ಬಂದಾಗ ಪಕ್ಕದಲ್ಲಿ ಕೊಟ್ಟು ಮುಂದೆ ಹೊಸದನ್ನೇ ಬಳಸೋಣ ಎಂದಿದ್ದೇನೆ. ಪಾಠ ಮಾಡುವವರು ಯಾರಾದರೂ ತರಗತಿಯಲ್ಲಿ ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ‘ನಾನು’ಗೆ ವಿಭಕ್ತಿ ಹಚ್ಚುವ ದಾರಿ ಗೊತ್ತಿದ್ದವರು ಅದನ್ನೂ ಹೇಳಿ.