ಪದಚರ್ಚೆ: ಒಡೆದ ಟೈಲ್ಸ್ ಚೂರಿನ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಈಚೆಗೆ ಬಾರ್ಸೆಲೋನಾಕ್ಕೆ ಹೋಗಿ ಬಂದೆ. ಫೋಟೋಗಳ ಕೆಳಗೆ ಕನ್ನಡದಲ್ಲಿ ಎರಡೆರಡು ಸಾಲು ಬರೆಯೋಣ ಅಂತ ಕೂತರೆ ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಆ ಪದ ‘ತ್ರೆಂಕದೀಸ್’. ಅಲ್ಲಿಯ ಕಟಲಾನ್ ಭಾಷೆಯ ಮಾತು. ‘ಒಡೆ, ಮುರಿ’ ಅನ್ನುವ ಕ್ರಿಯಾಪದದಿಂದ ಬಂದದ್ದು. ಒಡೆದ ಟೈಲ್ಸ್, ಪಿಂಗಾಣಿ, ಗಾಜಿನ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಕೆಲಸ. ಅಲ್ಲಿಯ ವಾಸ್ತುಶಿಲ್ಪಿ ಆಂತೋನಿ ಗೌಡಿಯ ಪಾರ್ಕ್ ಗುಯೆಲ್‌ನಲ್ಲಿ ಹಾವಿನ ಹಾಗೆ ಬಳುಕುವ ಉದ್ದನೆಯ ಜಗಲಿಯೊಂದಿದೆ. ಅದರ ಮೈತುಂಬ ಇದೇ. ಅದರಲ್ಲಿ ಗೌಡಿಗಿಂತ ಅವನ ಜೊತೆಗಾರ ಜೋಸೆಪ್ ಮರಿಯಾ ಜುಜೋಲ್‌ನ ಕೈಯೇ ಜಾಸ್ತಿ ಅನ್ನುತ್ತಾರೆ. (ಅಲ್ಲಿಯವರ ಬಾಯಲ್ಲಿ ಗೌಡಿ ಹೆಸರಿನ ಕೊನೆ ‘ಡಿ’ಗಿಂತ ‘ದಿ’ಗೆ ಹತ್ತಿರ. ನಾವು ಗೌಡಿ ಅಂತ ಬರೆದು ಅವನನ್ನು ಮಂಡ್ಯ ಕಡೆಯವನನ್ನಾಗಿ ಮಾಡಿಬಿಟ್ಟಿದ್ದೇವೆ!)

ಚೂರೇ ಯಾಕೆ? ಇಡೀ ಟೈಲ್ಸ್ ಚಪ್ಪಟೆ, ಬಾಗಿದ ಮೈಗೆ ಕೂರುವುದಿಲ್ಲ. ಒಡೆದರೆ ಎಂಥ ತಿರುವಿಗೂ ಒಗ್ಗುತ್ತದೆ. ಕಾರ್ಖಾನೆಯವರು ಬಿಸಾಡಿದ ಮಾಲೂ ಕೆಲಸಕ್ಕೆ ಬರುತ್ತದೆ.

ಸುಮ್ನೆ ‘ಮೊಸಾಯಿಕ್’ ಅಂದರೆ ಸಾಲದು. ಹಳೆಯ ರೋಮನ್ ಮೊಸಾಯಿಕ್‌ನಲ್ಲಿ ಕಲ್ಲನ್ನು ಅಳತೆಗೆ ಕತ್ತರಿಸಿ ಜೋಡಿಸುತ್ತಿದ್ದರು. ಇಲ್ಲಿ ಒಂದು ಚೂರಿನ ಹಾಗೆ ಇನ್ನೊಂದಿಲ್ಲ. ನಮ್ಮ ಮನೆ ರಿಪೇರಿಗೆ ಬಂದಿದ್ದ ಗಾರೆ ಮೇಸ್ತ್ರಿಗೆ ಫೋಟೋ ತೋರಿಸಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಚೈನಾ ಮೊಸಾಯಿಕ್ ಅಲ್ವಾ ಸಾರ್? ನಿಮ್ಮ ತಾರಸಿ ಮೇಲೇ ಇದೆಯಲ್ಲ!’ ಹೌದು, ಇದೆ. ಮಳೆ ನೀರು ಇಳಿಯದಿರಲಿ, ಬಿಸಿಲಿಗೆ ಮನೆ ಕಾಯದಿರಲಿ ಅಂತ ಹಾಕಿಸಿದ ಬಿಳಿ ಚೂರುಗಳು. ವರ್ಷಗಟ್ಟಲೆ ಅದರ ಮೇಲೆ ಹಪ್ಪಳ ಒಣಗಿಸಿ, ಬಾರ್ಸೆಲೋನಾಕ್ಕೆ ಹೋಗಿ ಬಾಯಿಬಿಟ್ಟು ನೋಡಿ ಬಂದಿದ್ದೇನೆ.

ಆದರೆ ‘ಚೈನಾ ಮೊಸಾಯಿಕ್’ ಅಂತ ಬರೆದರೆ ಓದುವವರು ಚೀನಾದ ಕಡೆ ಹೋಗುತ್ತಾರೆ. ‘ಒಡಕು ಹಂಚು’ ಅಂದರೆ ಸೋರುವ ಮನೆಯೇ ಕಣ್ಣಿಗೆ ಬರುತ್ತದೆ. ಮೇಲಾಗಿ ‘ಒಡಕು’ ಅಂದಕೂಡಲೇ ಅಣ್ಣತಮ್ಮಂದಿರ ಜಗಳ ನೆನಪಾಗುತ್ತದೆ. ‘ಓಡು’ ಅನ್ನುವುದಕ್ಕೆ ಮಡಕೆಯ ಚೂರು, ಹಂಚು ಎರಡೂ ಅರ್ಥ ಇದೆ. ಅರ್ಥದಲ್ಲಿ ಇದೇ ಹತ್ತಿರ. ಆದರೆ ಇವತ್ತು ಬರೆದರೆ ಎಲ್ಲರೂ ಎದ್ದು ಓಡುತ್ತಾರೆ. ‘ಬಿಲ್ಲೆ’ ನನಗೆ ಇಷ್ಟ. ಕುಂಟೆಬಿಲ್ಲೆಗೆ ನಾವು ಎತ್ತಿಕೊಳ್ಳುತ್ತಿದ್ದದ್ದು ಒಡೆದ ಹಂಚಿನ ಚೂರನ್ನೇ ತಾನೆ? ಆದರೂ ಬಿಲ್ಲೆ ಅಂದರೆ ದುಂಡಗಿನದು ಅನ್ನುವ ಭಾವನೆ ಬರುತ್ತದೆ.

ಸದ್ಯಕ್ಕೆ ‘ಚೂರುಗಾರೆ’ ಅಂತ ಬರೆದುಕೊಂಡಿದ್ದೇನೆ. ಹೇಗಿದೆ? ‘ಚೂರುಗಾರ’ ಅಂತ ಯಾರಾದರೂ ಓದಿಯಾರು ಅನ್ನುವ ಅಂಜಿಕೆಯೂ ಇದೆ.

ಜೊತೆಗೆ ಇನ್ನೊಂದು. 1906ರಿಂದ 1912ರವರೆಗೆ ಗೌಡಿ ಕಟ್ಟಿದ ಕಸಾ ಮಿಲಾ ಅನ್ನುವ ಮನೆಗೆ ಊರಿನವರು ಇಟ್ಟ ಅಡ್ಡಹೆಸರು ‘ಲಾ ಪೆದ್ರೇರಾ’. ಕಲ್ಲು ತೆಗೆಯುವ ಜಾಗ ಅಂತ ಅರ್ಥ. ಒರಟು ಕಲ್ಲಿನ ಮುಂಭಾಗ ನೋಡಿ ಗೇಲಿಗೆ ಇಟ್ಟದ್ದು. ಈಗ ಅದೇ ಹೆಸರಲ್ಲಿ ಟಿಕೆಟ್ ಮಾರುತ್ತಾರೆ. ‘ಕಲ್ಲುಗಣಿ’ ಅಂದರೆ ಗೇಲಿ ಹೋಗಿ ಸರ್ಕಾರಿ ಕಡತದ ವಾಸನೆ ಬರುತ್ತದೆ. ಕರಾವಳಿಯ ‘ಕಲ್ಲುಕೋರೆ’ಯಲ್ಲಿ ಸ್ವಲ್ಪ ಖಾರ ಇದೆ. ಬಯಲುಸೀಮೆಯವರಿಗೆ ಅದು ತಿಳಿಯುತ್ತದಾ, ಅಥವಾ ‘ಕಲ್ಲು ಕ್ವಾರಿ’ಯೇ ವಾಸಿಯಾ?

ಗೌಡಿಯದೇ ಸಗ್ರಾದಾ ಫಮಿಲಿಯಾ ಚರ್ಚಿನ ಹೆಸರಿನ ಬಗ್ಗೆ ತಕರಾರಿಲ್ಲ. ಅದನ್ನು ಕೆಥೆಡ್ರಲ್ ಅನ್ನಬೇಡಿ, ಅಷ್ಟೆ. ಬಿಷಪ್ಪರ ಪೀಠ ಇರುವ ಕೆಥೆಡ್ರಲ್ ಹಳೇ ಊರಿನ ಗೋಥಿಕ್ ಕೇರಿಯಲ್ಲಿ ಬೇರೆಯೇ ಇದೆ. ಇದು 2010ರಲ್ಲಿ ಪೋಪ್ ಬಂದು ಬಸಿಲಿಕಾ ಅಂತ ಪಟ್ಟ ಕೊಟ್ಟ ಚರ್ಚ್. ಕಾರ್ಕಳದ ಅತ್ತೂರು, ಬೆಂಗಳೂರಿನ ಶಿವಾಜಿನಗರ ಗೊತ್ತಿರುವವರಿಗೆ ಬಸಿಲಿಕಾ ಹೊಸ ಮಾತೇನಲ್ಲ.

ಹುಬ್ಬಳ್ಳಿ, ಕಲಬುರಗಿ ಕಡೆಯವರು ಇದ್ದೀರಲ್ಲ, ನಿಮ್ಮ ಗೌಂಡಿಗಳನ್ನು ಒಮ್ಮೆ ಕೇಳಿ ನೋಡ್ತೀರಾ? ತಾರಸಿಯ ಆ ಚೂರುಗಳಿಗೆ ಅವರು ಏನೆನ್ನುತ್ತಾರೆ?