ಕೇರ್ ಹೋಂನಲ್ಲಿರೋ ನಮ್ಮನೆಯವರನ್ನ ನೋಡ್ಕೊಂಡು ವಾಪಸ್ ಹೊರಡೋದು ಹೇಗೆ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮನೆಯವರಿಗೆ ಆಲ್ಜೈಮರ್ಸ್ ಅನ್ನೋ ಮರೆವಿನ ಕಾಯಿಲೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡೋರು, ನನ್ನ ಕೈಲಿ ತಡೆಯೋಕೆ ಆಗದ ಹಂತ ಬಂದ್ಮೇಲೆ ಕೇರ್ ಹೋಂಗೆ ಸೇರಿಸಿದ್ವಿ. ಸೇರಿಸಿದ್ದು ಸರಿಯೋ ತಪ್ಪೋ ಅನ್ನೋ ಮಾತು ಇಲ್ಲಿ ಬೇಡ ದಯವಿಟ್ಟು, ಅದೆಲ್ಲ ನೆಂಟರ ಜೊತೆ ಮುಗಿದುಹೋಗಿದೆ.

ನನಗೆ ಕಷ್ಟ ಆಗ್ತಿರೋದು ಹೊರಡೋ ಹೊತ್ತು. ಇರೋವಷ್ಟು ಹೊತ್ತು ಚೆನ್ನಾಗೇ ಇರ್ತಾರೆ. ಮೊದಲು ಲೆಕ್ಕಪತ್ರದ ಕೆಲಸದಲ್ಲಿದ್ರು, ಈಗ್ಲೂ ಪೇಪರ್ ಕೈಗೆ ಕೊಟ್ರೆ ಬೆರಳು ಇಟ್ಟು ಸಾಲುಸಾಲಾಗಿ ಕೆಳಗೆ ಇಳಿಸ್ತಾ ಬಂದು ಕೊನೇಲಿ ಒಂದು ಸಲ ಟಪ್ ಅಂತ ತಟ್ಟಿ "ಸರಿ ಇದೆ" ಅಂತಾರೆ, ನಾನೂ "ಹೂಂ ಸರಿ ಇದೆ" ಅಂತೀನಿ, ಇಬ್ಬರಿಗೂ ಖುಷಿ. ಆದ್ರೆ ನಾನು ಎದ್ದ ತಕ್ಷಣ ಕೈ ಹಿಡ್ಕೊಂಡು "ನಾನೂ ಬರ್ತೀನಿ, ಮನೆಗೆ ಹೋಗೋಣ" ಅಂತ ಶುರು ಮಾಡ್ತಾರೆ, ಗೇಟ್‌ವರೆಗೂ ಬರ್ತಾರೆ, ಆಮೇಲೆ ಅಳ್ತಾರೆ. ಇನ್ನೊಂದು, ನನ್ನನ್ನ ಈಗೀಗ ಅಕ್ಕ ಅಂತ ಕರೀತಾರೆ. ತಿದ್ದಬೇಕೋ ಬಿಡಬೇಕೋ ಗೊತ್ತಾಗಲ್ಲ. ಅಲ್ಲೇ ಇರೋ ಇನ್ನೊಬ್ಬ ಹೆಂಗಸಿನ ಕೈ ಹಿಡ್ಕೊಂಡು ಕೂತಿರ್ತಾರೆ ಕೆಲವು ಸಲ, ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ.

ನೀನು ಹೋಗಿದ್ದು ಐದು ನಿಮಿಷಕ್ಕೆ ಮರೆತುಹೋಗುತ್ತೆ, ಯಾಕೆ ಅಷ್ಟು ಓಡಾಡ್ತೀಯ ಅಂತ ನಮ್ಮ ನಾದಿನಿ ಕೇಳ್ತಾರೆ. ಇದೇ ದಾರೀಲಿ ಇರೋರು ಯಾರಾದ್ರೂ ಹೇಳಿ.

ನೈಟ್‌ಡ್ಯೂಟಿ:

ಅಮ್ಮಾ, ನಾನು ಇಂಥದ್ದೇ ಜಾಗದಲ್ಲಿ ಕೆಲಸ ಮಾಡೋಳು, ಹೊರಡೋ ಹೊತ್ತಿನ ಗಲಾಟೆ ದಿನಾ ನೋಡ್ತೀನಿ. ಮೊದಲನೇದು, ನೀವು ಬರೋ ಟೈಮ್ ಬದಲಾಯಿಸೋಕೆ ಆಗುತ್ತಾ ನೋಡಿ. ಸಂಜೆ ಆಗ್ತಾ ಆಗ್ತಾ ತುಂಬಾ ಜನಕ್ಕೆ ಚಡಪಡಿಕೆ ಜಾಸ್ತಿ ಆಗುತ್ತೆ, ಇಂಗ್ಲಿಷಲ್ಲಿ ಅದಕ್ಕೆ ಸನ್‌ಡೌನಿಂಗ್ ಅಂತಾರೆ, ಅದೇ ಹೊತ್ತಿಗೆ ನೀವು ಹೊರಟ್ರೆ ಎರಡೂ ಸೇರ್ಕೊಳ್ಳುತ್ತೆ. ಬೆಳಿಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಅವರನ್ನ ಕರ್ಕೊಂಡು ಹೋಗೋ ಹೊತ್ತಿಗೆ ಹೊರಡಿ. ಅವರ ಗಮನ ತಟ್ಟೆ ಕಡೆ ಇರುತ್ತೆ, ಪಕ್ಕದಲ್ಲಿ ನಮ್ಮೋರು ಒಬ್ಬರು ಇರ್ತಾರೆ. ಇವತ್ತು ಇಂಥ ಟೈಮಿಗೆ ಹೊರಡ್ತೀನಿ ಅಂತ ಬಂದ ತಕ್ಷಣ ಸ್ಟಾಫ್‌ಗೆ ಹೇಳಿಬಿಡಿ, ನಾವು ರೆಡಿ ಇರ್ತೀವಿ, ಹೇಳದೇ ಇದ್ರೆ ನಮಗೂ ಗೊತ್ತಾಗಲ್ಲ.

ಬ್ಯಾಗು, ಕೊಡೆ ಎಲ್ಲ ರೂಮಿನೊಳಗೆ ತರಬೇಡಿ, ಆಫೀಸಲ್ಲಿ ಇಡಿ. ಬ್ಯಾಗ್ ಎತ್ತಿದ್ರೆ ಸಾಕು ಅವರಿಗೆ ಅರ್ಥ ಆಗಿಬಿಡುತ್ತೆ.

ಮನೆಗೆ ಹೋಗೋಣ ಅನ್ನೋದು ಯಾವಾಗ್ಲೂ ನಿಮ್ಮ ಈಗಿನ ಮನೇನೇ ಅಂತ ಅಲ್ಲ ಅಮ್ಮ. ಎಷ್ಟೋ ಜನ ಸ್ವಂತ ಮನೇಲಿ ಕೂತ್ಕೊಂಡೇ ಮನೆಗೆ ಕರ್ಕೊಂಡು ಹೋಗಿ ಅಂತಾರೆ. ಎಲ್ಲೋ ನೋವಿರುತ್ತೆ, ಬಾತ್‌ರೂಮಿಗೆ ಹೋಗಬೇಕಿರುತ್ತೆ, ಇಲ್ಲಾ ಗದ್ದಲ ಜಾಸ್ತಿಯಾಗಿ ಭಯ ಆಗಿರುತ್ತೆ. "ಇದೇ ನಿಮ್ಮನೆ" ಅಂತ ವಾದ ಮಾಡಿದ್ರೆ ಹಠ ಜಾಸ್ತಿ. "ಮನೇಲಿ ಏನು ಮಾಡೋಣ, ಹೇಳಿ" ಅಂತ ಕೇಳ್ತಾ ಕೇಳ್ತಾ ಎರಡು ಹೆಜ್ಜೆ ಬೇರೆ ಕಡೆ ನಡೆಸಿ. ಮತ್ತೆ ನಾನ್ಯಾರು ಹೇಳಿ ನೋಡೋಣ ಅಂತ ಮಾತ್ರ ಕೇಳಲೇಬೇಡಿ, ಉತ್ತರ ಸಿಗದೇ ಅವರ ಮುಖ ಹೇಗೆ ಬಾಡುತ್ತೆ ಅಂತ ನಾನು ನೋಡಿದ್ದೀನಿ, ನನಗೇ ತಡೆಯೋಕೆ ಆಗಲ್ಲ.

ಹಳೇಕೊಡೆ:

ಮೇಡಂ, ನನ್ನ ಹೆಂಡತಿಗೆ ಇದೇ ಕಾಯಿಲೆ, ಈಗ ಮಾತು ಪೂರ್ತಿ ನಿಂತಿದೆ. ಮೇಲಿನವರು ಹೇಳಿದ್ದರಲ್ಲಿ ಬಹಳಷ್ಟು ಒಪ್ತೀನಿ, ಆದ್ರೆ ಹೇಳದೇ ಮೆಲ್ಲಗೆ ಜಾರ್ಕೊಳ್ಳೋದು ಎಲ್ಲರಿಗೂ ಆಗಿಬರಲ್ಲ. ನನ್ನಾಕೆ ನಾನು ಕಾಣದೇ ಹೋದ್ರೆ ಕಾರಿಡಾರೆಲ್ಲ ಹುಡುಕೋಳಂತೆ. ಹಾಗಾಗಿ ನಾನು ಪ್ರತಿ ಸಲ ಒಂದೇ ಥರ ಮಾಡ್ತೀನಿ, ಕೈಗೆ ಸ್ವಲ್ಪ ಲೋಷನ್ ಹಚ್ಚಿ ಬೆರಳು ಬೆರಳೂ ನೀವಿ, "ಕೆಲಸ ಇದೆ, ಮುಗಿಸ್ಕೊಂಡು ಬರ್ತೀನಿ ಕಣೇ" ಅಂತೀನಿ. ನಾಳೆ ಅಂತಾಗ್ಲಿ, ಮನೆಗೆ ಅಂತಾಗ್ಲಿ ಬಾಯಲ್ಲಿ ತರಲ್ಲ. ಯಾವುದು ನಿಮ್ಮವರಿಗೆ ಹೊಂದುತ್ತೆ ಅಂತ ನೀವೇ ನೋಡಬೇಕು.

ಅಕ್ಕ ಅಂತ ಕರೆದ್ರೆ ಓ ಅನ್ನಿ. ಅವರ ಪ್ರಕಾರ ಅವರ ವಯಸ್ಸು ಎಷ್ಟೋ ಏನೋ, ಎದುರಿಗಿರೋದು ತನ್ನನ್ನ ನೋಡ್ಕೊಳ್ಳೋ ನಂಬಿಕಸ್ಥ ಹೆಂಗಸು ಅನ್ನೋದು ಗೊತ್ತಾಗಿದೆ, ಹೆಸರು ಮಾತ್ರ ಸಿಕ್ತಿಲ್ಲ. ನೀವು ಅಪರಿಚಿತರಾಗಿಲ್ಲ.

ಆ ಇನ್ನೊಬ್ಬ ಹೆಂಗಸಿನ ವಿಷಯ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ ಅವರ ಕಥೆ ಕೇಳಿರಬಹುದು. ಆಲ್ಜೈಮರ್ಸ್ ಇದ್ದ ಗಂಡನಿಗೋಸ್ಕರ 2006ರಲ್ಲಿ ಹುದ್ದೆ ಬಿಟ್ರು, ಆಮೇಲೆ ಗಂಡ ಕೇರ್ ಸೆಂಟರ್ ಸೇರಿದಾಗ ಅಲ್ಲಿನ ಇನ್ನೊಬ್ಬ ಮಹಿಳೆಯನ್ನ ಹಚ್ಕೊಂಡ್ರು. ಅವರು ನೆಮ್ಮದಿಯಾಗಿದ್ದಾರಲ್ಲ ಅಂತ ಅಮ್ಮನಿಗೆ ಸಮಾಧಾನವೇ ಆಯ್ತು ಅಂತ 2007ರಲ್ಲಿ ಮಗನೇ ಟಿವೀಲಿ ಹೇಳಿದ್ದ. ನಿಮಗೂ ಹಾಗೇ ಅನ್ನಿಸಬೇಕು ಅಂತ ನಾನು ಹೇಳ್ತಿಲ್ಲ, ಹೊಟ್ಟೆ ಉರಿದ್ರೆ ಉರೀಲಿ, ಅಷ್ಟು ವರ್ಷದ ಸಂಸಾರ. ಆದ್ರೆ ಅದು ನಿಮಗೆ ಮಾಡಿದ ಮೋಸ ಅಲ್ಲ, ಗಾಬರಿಯಾದಾಗ ಪಕ್ಕದಲ್ಲಿ ಸಿಕ್ಕ ಕೈ ಅದು.

ಪುಟ್ಟಗೌರಿ:

ಅಕ್ಕಾ, ನಾನು ನರ್ಸಿಂಗ್ ಓದಿದೋಳು. ಐದು ನಿಮಿಷಕ್ಕೆ ಮರೆತುಹೋಗುತ್ತೆ ಅಂದ್ರಲ್ಲ ನಿಮ್ಮ ನಾದಿನಿ, ಅದಕ್ಕೆ ಉತ್ತರ ಇದೆ. 2014ರಲ್ಲಿ ಅಮೆರಿಕದ ಅಯೋವಾ ಯೂನಿವರ್ಸಿಟಿಯವರು ಆಲ್ಜೈಮರ್ಸ್ ಇದ್ದ 17 ಜನಕ್ಕೆ ದುಃಖದ ಸಿನಿಮಾ ತುಣುಕು, ಖುಷಿಯ ತುಣುಕು ತೋರಿಸಿದ್ರು. ಸ್ವಲ್ಪ ಹೊತ್ತಿಗೇ ನೋಡಿದ್ದು ಹೆಚ್ಚುಕಮ್ಮಿ ಮರೆತುಹೋಗಿತ್ತು, ಆದ್ರೆ ಆ ದುಃಖ, ಆ ಖುಷಿ ಮಾತ್ರ ಒಳಗೆ ಹಾಗೇ ಉಳ್ಕೊಂಡಿತ್ತು. ಹೊಸ ನೆನಪು ಉಳಿಸೋ ಹಿಪೊಕ್ಯಾಂಪಸ್ ಅನ್ನೋ ಭಾಗಕ್ಕೆ ಈ ಕಾಯಿಲೆ ಶುರುವಿನಲ್ಲೇ ಏಟು ಕೊಡುತ್ತೆ, ಹಾಗಾಗಿ ಯಾರು ಬಂದ್ರು, ಏನು ಮಾತಾಡಿದ್ರು ಅನ್ನೋದು ನಿಲ್ಲಲ್ಲ. ನೀವು ಹೋಗಿ ಪೇಪರ್ ನೋಡಿ "ಸರಿ ಇದೆ" ಅಂದದ್ದು ಅವರಿಗೆ ನೆನಪಿರಲ್ಲ, ಆದ್ರೆ ಆಮೇಲೆ ಮನಸ್ಸು ಹಗುರವಾಗಿರುತ್ತೆ, ಯಾಕೆ ಅಂತ ಅವರಿಗೇ ಗೊತ್ತಿರಲ್ಲ ಅಷ್ಟೇ. ಅದೇ ಕಾರಣಕ್ಕೆ ಹೊರಡೋವಾಗಿನ ಅಳು ಕೂಡ ಉಳ್ಕೊಳ್ಳುತ್ತೆ, ಅದಕ್ಕೇ ಆ ಕೊನೇ ಹತ್ತು ನಿಮಿಷದ ಬಗ್ಗೆ ನೀವು ಇಷ್ಟು ಯೋಚನೆ ಮಾಡ್ತಿರೋದು ಸರಿಯಾಗೇ ಇದೆ.

ಹತ್ರ ಹೋಗುವಾಗ ಎದುರಿನಿಂದ ಹೋಗಿ, ಕೂತು ಕಣ್ಣಿಗೆ ಕಣ್ಣು ಸೇರೋ ಹಾಗೆ ಮಾತಾಡಿ. ಕನ್ನಡಕ, ಕಿವಿ ಮೆಷಿನ್ ಇದ್ರೆ ಹಾಕಿದ್ದಾರಾ ಅಂತ ಮೊದಲು ನೋಡಿ.

ಸಂಜೆಮಲ್ಲಿಗೆ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನೈಟ್‌ಡ್ಯೂಟಿಯವರೇ, ಇನ್ನು ಬೆಳಿಗ್ಗೆ ಹೊತ್ತೇ ಹೋಗ್ತೀನಿ. ಪುಟ್ಟಗೌರಿ, ಆ ಸಿನಿಮಾ ವಿಷಯ ನಾದಿನಿಗೆ ಓದಿ ಹೇಳ್ದೆ, ಈ ಭಾನುವಾರ ತಾನೂ ಬರ್ತೀನಿ ಅಂದ್ರು. ಒಂದು ಕೇಳೋದು ಮರೆತೆ, ಮೊನ್ನೆಯಿಂದ ನಮ್ಮನೆಯವರು ಹಗಲೆಲ್ಲ ತೂಕಡಿಸ್ತಾರೆ, ಎಬ್ಬಿಸಿದ್ರೆ ಗೋಡೆ ಮೇಲೆ ಏನೋ ಹರಿದಾಡ್ತಿದೆ ಅಂತಾರೆ, ಪೇಪರ್ ಕೊಟ್ರೆ ಹಿಡ್ಕೊಳ್ಳೋದೂ ಇಲ್ಲ. ಕಾಯಿಲೆ ಮುಂದಿನ ಹಂತಕ್ಕೆ ಹೋಯ್ತಾ?

ಪುಟ್ಟಗೌರಿ:

ಅಕ್ಕಾ, ಇದನ್ನ ಮುಂದಿನ ಹಂತ ಅಂದ್ಕೊಂಡು ಸುಮ್ನಿರಬೇಡಿ. ಆಲ್ಜೈಮರ್ಸ್ ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಇಳಿಯೋದು. ಎರಡು ಮೂರು ದಿನದಲ್ಲಿ ಹೀಗಾದ್ರೆ ಅದು ಡೆಲಿರಿಯಂ ಇರಬಹುದು, ಅಂದ್ರೆ ಮೈಯಲ್ಲಿ ಬೇರೇನೋ ತೊಂದರೆಯಾಗಿ ಇದ್ದಕ್ಕಿದ್ದ ಹಾಗೆ ಬುದ್ಧಿ ಮಂಕಾಗೋದು. ಮೂತ್ರದ ಇನ್‌ಫೆಕ್ಷನ್, ನ್ಯುಮೋನಿಯಾ, ನೀರು ಕಮ್ಮಿ ಕುಡಿದಿರೋದು, ಮಲಬದ್ಧತೆ, ಬಿದ್ದು ತಲೆಗೆ ಏಟು, ಹೊಸ ಮಾತ್ರೆ, ಯಾವುದಾದ್ರೂ ಆಗಿರಬಹುದು. ವಯಸ್ಸಾದವರಿಗೆ ಕೆಲವು ಸಲ ಜ್ವರಾನೂ ಬರಲ್ಲ. ಕಾರಣ ಹಿಡಿದು ಟ್ರೀಟ್‌ಮೆಂಟ್ ಮಾಡಿದ್ರೆ ಎಷ್ಟೋ ಸಲ ವಾಪಸ್ ಸರಿಹೋಗುತ್ತೆ. ಇವತ್ತೇ ಡಾಕ್ಟ್ರು ನೋಡಲಿ, ಇತ್ತೀಚೆಗೆ ಯಾವ ಮಾತ್ರೆ ಸೇರಿಸಿದ್ದಾರೆ ಅಂತ ಲಿಸ್ಟ್ ಕೇಳಿ. ಗಲಾಟೆ ಮಾಡ್ತಾರೆ ಅಂತ ಆಂಟಿಸೈಕಾಟಿಕ್ ಮಾತ್ರೆ ಶುರು ಮಾಡಿದ್ರೆ ಯಾಕೆ, ಎಷ್ಟು ದಿನ ಅಂತ ವಿಚಾರಿಸಿ. ಡಿಮೆನ್ಷಿಯಾ (ಆಲ್ಜೈಮರ್ಸ್ ಥರದ ಮರೆವಿನ ಕಾಯಿಲೆ) ಇರೋ ವಯಸ್ಸಾದವರಲ್ಲಿ ಅವುಗಳಿಂದ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದಲ್ಲಿ ಔಷಧಿಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ನೀವಾಗೇ ನಿಲ್ಲಿಸೋಕೆ ಹೋಗ್ಬೇಡಿ, ಡಾಕ್ಟ್ರ ಹತ್ರ ಕೇಳಿ.

ನೈಟ್‌ಡ್ಯೂಟಿ:

ಅಮ್ಮಾ, ಫೋನ್‌ನಲ್ಲಿ "ಯಾಕೋ ಡಲ್ ಆಗಿದ್ದಾರೆ" ಅಂತ ಮಾತ್ರ ಹೇಳ್ಬೇಡಿ. ಯಾವತ್ತಿಂದ, ಮೊದಲು ಏನು ಮಾಡ್ತಿದ್ರು, ಈಗ ಏನು ಮಾಡ್ತಿಲ್ಲ ಅಂತ ಬಿಡಿಸಿ ಹೇಳಿ. ಪೇಪರ್ ಹಿಡೀತಿಲ್ಲ ಅನ್ನೋದು ನಿಮಗೆ ಗೊತ್ತಾದ ಹಾಗೆ ಪಾಳಿ ಬದಲಾಯಿಸೋ ನಮಗೆ ಗೊತ್ತಾಗಲ್ಲ.

ಸಂಜೆಮಲ್ಲಿಗೆ:

ಫೋನ್ ಮಾಡ್ದೆ, ಪಾಳಿಯಲ್ಲಿದ್ದ ಸಿಸ್ಟರ್ ಈಗ್ಲೇ ಡಾಕ್ಟ್ರಿಗೆ ಹೇಳ್ತೀನಿ, ಯೂರಿನ್ ಟೆಸ್ಟ್‌ಗೆ ಕಳಿಸ್ತೀವಿ ಅಂದ್ರು. ನಾನು ಹೊರಟಿದ್ದೀನಿ, ಮಾತ್ರೆ ಲಿಸ್ಟ್ ಸಿಕ್ಕಿದ್ಮೇಲೆ ಇಲ್ಲೇ ಹಾಕ್ತೀನಿ.