ಸಮಸ್ಯೆ: ಊರು ನಿಂತಿದೆ, ಕಡಲು ನಡೆದು ಹೋಗಿಹುದು

ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ ನನ್ನದು: ಕೊಟ್ಟ ಕೊನೆಯ ಸಾಲಿಗೆ ಹೊಂದುವ ಹಾಗೆ ಮೊದಲ ಮೂರು ಸಾಲು ಬರೆದು ಪದ್ಯ ತುಂಬಬೇಕು, ಅದೇ ಪೂರಣ. ಪಂಚಮಾತ್ರಾ ಚೌಪದಿ, ಅಂದರೆ ಐದೈದು ಮಾತ್ರೆಯ ಗಣಗಳಲ್ಲಿ ನಡೆಯುವ ನಾಲ್ಕು ಸಾಲಿನ ಪದ್ಯ; ನಾಲ್ಕನೇ ಸಾಲು ಕೊಟ್ಟಿದ್ದೇನೆ. ಆದಿಪ್ರಾಸ ಬೇಕು: ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ, ಅದರ ಹಿಂದಿನದು ಗುರು (ಎರಡು ಮಾತ್ರೆಯ ಅಕ್ಷರ).

ಸಾಲು ಹುಟ್ಟಿದ್ದು ಪ್ರಿಯೀನೆಯಲ್ಲಿ. ಟರ್ಕಿಯ ಪಡುವಣ ಭಾಗದ ಮೈಕಲೆ ಬೆಟ್ಟದ ಇಳಿಜಾರಿನಲ್ಲಿರುವ ಹಳೇ ಗ್ರೀಕ್ ಊರು ಅದು. ಕ್ರಿ.ಪೂ. 4ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು. ಅಷ್ಟು ಕಡಿದಾದ ಜಾಗದಲ್ಲೂ ಬೀದಿಗಳನ್ನು ಚದುರಂಗದ ಮಣೆಯ ಹಾಗೆ ನೇರವಾಗಿ ಹಾಕಿದ್ದಾರೆ, ಏರು ಜಾಸ್ತಿಯಾದ ಕಡೆ ಬೀದಿಯೇ ಮೆಟ್ಟಿಲಾಗುತ್ತದೆ. ಇನ್ನೊಂದು ಹಳೇ ಊರಾದ ಎಫೆಸಸ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲ್ಲಿ ಮಧ್ಯಾಹ್ನ ಪೂರ್ತಿ ನಾವಿಬ್ಬರೇ. ಪೈನ್ ಮರಗಳ ಸದ್ದು ಬಿಟ್ಟರೆ ಏನೂ ಇಲ್ಲ. ಅಥೆನಾ ಗುಡಿಯ ಐದು ಕಂಬ ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ಉಳಿದವು ಬೀಸುಕಲ್ಲಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಬಿದ್ದಿವೆ. ಅವುಗಳ ಮೇಲೆ ಕೂತು ಕೆಳಗೆ ನೋಡಿದೆ. ಬರೀ ಬಯಲು. ಒಂದು ಕಾಲಕ್ಕೆ ಅಲ್ಲಿ ಕಡಲಿತ್ತು.

ಕಡಲು ನಡೆದದ್ದು ಹೇಗೆ ಅನ್ನೋದೇ ಕೀಲಕ, ಸಮಸ್ಯೆ ಬಿಡಿಸುವ ಕೀಲಿಕೈ. ಬೇರೆ ದಾರಿಯಲ್ಲಿ ಬಿಡಿಸಿದರೂ ಸಂತೋಷವೇ.

*

ಅಕ್ಕ, ನನ್ನ ಪೂರಣ:

ನೀರ ಜತೆ ಮಣ್ಣ ಹೊತ್ತೊಂದು ನದಿ ಬರುತಿರಲು
ತೀರ ಸರಿಯುತ ದೂರವಾಯ್ತು ದಿನದಿನಕೆ
ಏರಿ ನೋಡಿದರೆ ಬರಿ ಹತ್ತಿಹೊಲ, ಹಡಗಿಲ್ಲ
ಊರು ನಿಂತಿದೆ, ಕಡಲು ನಡೆದು ಹೋಗಿಹುದು

ಆ ನದಿ ಮಿಯಾಂಡರ್ ಅಲ್ವಾ? ಅಂಕುಡೊಂಕಾಗಿ ಹರಿಯುವುದಕ್ಕೆ ಭೂಗೋಳದ ಪಾಠದಲ್ಲಿ ಬರುವ ಹೆಸರು ಇದರದ್ದೇ.

*

ಹೌದು, ಅದೇ. ಈಗ ಬ್ಯುಯುಕ್ ಮೆಂಡೆರೆಸ್ ಅನ್ನುತ್ತಾರೆ. ‘ದಿನದಿನಕೆ’ ಅನ್ನೋ ಮಾತು ತುಂಬ ಸರಿ. ಒಂದು ರಾತ್ರಿಯ ಪ್ರವಾಹ ಅಲ್ಲ, ನೂರಾರು ವರ್ಷ ಬಿದ್ದ ಹೂಳು. ಈಗ ಕಡಲು 10 ಕಿಲೋಮೀಟರಿಗೂ ಜಾಸ್ತಿ ದೂರ. ಕೆಳಗೆ ಸೋಕೆ ಬಯಲಿನಲ್ಲಿ ಹತ್ತಿ ಬೆಳೆಯುವುದೂ ನಿಜ. ‘ಹಡಗಿಲ್ಲ’ ಅನ್ನುವಲ್ಲಿ ನನಗೆ ಗಂಟಲು ಕಟ್ಟಿತು.

*

ನಾನೂ ಕೆಲವು ವರ್ಷದ ಹಿಂದೆ ಹೋಗಿದ್ದೆ. ಹೆಚ್ಚಿನವರು ಗುಡಿ ನೋಡಿ ವಾಪಸ್ ಬರುತ್ತಾರೆ, ಕೆಳಗಿನ ವ್ಯಾಯಾಮಶಾಲೆಗೆ ಇಳಿಯುವುದೇ ಇಲ್ಲ. ಅಲ್ಲಿ ಹುಡುಗರು ಪಾಠ ಕೇಳುತ್ತಿದ್ದ ಕೋಣೆ ಇದೆ. ಗೋಡೆಯ ಕಲ್ಲಿನ ಮೇಲೆ ‘ಇದು ಇಂಥವನ ಜಾಗ’ ಅಂತ ನೂರಾರು ಹೆಸರು ಗೀರಿದ್ದಾರೆ. ನಮ್ಮ ಶಾಲೆಯ ಬೆಂಚುಗಳ ಹಾಗೇ! ಪಕ್ಕದಲ್ಲಿ ಸಿಂಹದ ಬಾಯಿಂದ ನೀರು ಬೀಳುತ್ತಿದ್ದ ಕಲ್ಲಿನ ತೊಟ್ಟಿಗಳು.

ಗೀರಿ ಹೆಸರನು ‘ನನ್ನ ಜಾಗವಿದು’ ಎಂದವನು
ಯಾರ ಮಗನೋ, ಪಾಠ ಮುಗಿಸಿ ಹೋಗಿಹನು
ಜಾರುಬಿಸಿಲಲಿ ಬೆರಳನಿಟ್ಟೆನಕ್ಷರದಲ್ಲಿ
ಊರು ನಿಂತಿದೆ, ಕಡಲು ನಡೆದು ಹೋಗಿಹುದು

*

ಸರ್, ‘ಪಾಠ ಮುಗಿಸಿ ಹೋಗಿಹನು’ ಓದಿ ಸುಮ್ನೆ ಕೂತುಬಿಟ್ಟೆ. ಹೆಸರು ಬರೆದು ಜಾಗ ಹಿಡಿದವನೂ ಹೋದ, ಕಡಲೂ ಹೋಯಿತು. ಕೀಲಕ ಹೂಳಿನ ಕಡೆಗೆ ಹೋಗದೆಯೂ ಪದ್ಯ ನಿಂತಿದೆ.

ನಾನು ಹೊಸಬ, ಚೌಪದಿ ಬರೆಯುತ್ತಿರುವುದು ಇದೇ ಮೊದಲು. ಅಲ್ಲಿನ ರಂಗಮಂದಿರದ ಚಿತ್ರ ನೋಡಿ ಬರೆದೆ, ತಪ್ಪಿದ್ದರೆ ತಿದ್ದಿ:

ಆರು ಸಾವಿರ ಜನಕೆ ಮೆಟ್ಟಿಲಿವೆ, ಜನರಿಲ್ಲ
ಭಾರಿ ಕಲ್ಲಿನ ಪೀಠವೈದು ಕಾಯುತಿವೆ
ಸೇರಿ ನಕ್ಕವರೆಲ್ಲ ಎದ್ದು ಹೋದರು
ಊರು ನಿಂತಿದೆ, ಕಡಲು ನಡೆದು ಹೋಗಿಹುದು

*

ತಮ್ಮಾ, ಮೊದಲ ಸಲಕ್ಕೆ ಇಷ್ಟು ಚೆನ್ನಾಗಿ ಬರೆದಿದ್ದೀಯ! ಪ್ರಾಸ ಎಲ್ಲೂ ತಪ್ಪಿಲ್ಲ. ಮೂರನೇ ಸಾಲಿನಲ್ಲಿ ಮಾತ್ರ ಮೂರು ಮಾತ್ರೆ ಕಡಿಮೆ. ಒಂದು ಮತ್ತು ಮೂರನೇ ಸಾಲಿಗೆ ಐದರ ನಾಲ್ಕು ಗಣ ಪೂರ್ತಿ ತುಂಬಬೇಕು. ‘ಎದ್ದು ಹೋದರು ಮನೆಗೆ’ ಅಂತ ಮಾಡಿದರೆ ಸಾಕು.

ನೀನು ಹೇಳಿದ ಐದು ಪೀಠ ಅಮೃತಶಿಲೆಯವು, ಮುಂದಿನ ಸಾಲಿನಲ್ಲಿವೆ, ಗಣ್ಯರಿಗೆ ಅಂತ ಮಾಡಿದ್ದು. ಕಾಲುಗಳನ್ನು ಸಿಂಹದ ಪಾದದ ಹಾಗೆ ಕೆತ್ತಿದ್ದಾರೆ. ನಾನು ಒಂದರ ಮೇಲೆ ಕೈ ಇಟ್ಟು ನೋಡಿದೆ. ಬಿಸಿಲಿಗೆ ಕಾದಿತ್ತು.

*

ಅಕ್ಕ, ‘ಮನೆಗೆ’ ಸೇರಿಸಿ ಓದಿದೆ. ಪದ್ಯವೇ ಬೇರೆ ಆಯಿತು.

*

ನನಗೂ ಹಾಗೇ ಅನ್ನಿಸಿತು. ಆ ಒಂದು ಪದದಿಂದ ಅಲ್ಲಿನ ಮನೆಗಳು ಕಣ್ಣಿಗೆ ಬಂದವು. ಬೀದಿಯ ಎರಡೂ ಕಡೆ ಗೋಡೆಗಳ ಬುಡ ಉಳಿದಿದೆ, ನಡುವೆ ಹುಲ್ಲು. ಒಂದು ಕಡೆ ಹೊಸ್ತಿಲು ಸವೆದು ಮಧ್ಯೆ ತಗ್ಗಾಗಿತ್ತು. ನಾಟಕ ನೋಡಿಕೊಂಡು ಬಂದವರು ಅದನ್ನು ದಾಟಿಯೇ ಒಳಗೆ ಹೋಗಿರಬೇಕು. ಆ ಹೊಸ್ತಿಲ ಮೇಲೆ ಯಾರಾದರೂ ಒಂದು ಪದ್ಯ ಬರೆಯಿರಿ, ಭಾನುವಾರದ ತನಕ ಪೂರಣ ಹಾಕಬಹುದು.